ಎಳೆ ಹರಿದಾಗ ಎತ್ತುವ ಕೈ

ಬನಹಟ್ಟಿ
3 ಆಗಸ್ಟ್ 2025

ಚಿ. ಬನಶಂಕರಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ, ನಾಲ್ಕನೇ ಮಗ್ಗವೊಂದನ್ನು ಬಿಟ್ಟು. ನೀನು ಹೋದ ದಿನದಿಂದ ಅದು ಮುನಿಸಿಕೊಂಡಿದೆ. ಬೆಲ್ಟ್ ಬದಲಿಸಿದೆ, ಎಣ್ಣೆ ಬಿಟ್ಟೆ, ನಿನ್ನ ಅವ್ವ ನಿಂಬೆಹಣ್ಣನ್ನೂ ಇಳಿಸಿದಳು. ಏನೂ ಉಪಯೋಗವಾಗಲಿಲ್ಲ.

ಈ ಕಾಲದಲ್ಲಿ ಮುದುಕ ಕಾಗದ ಬರೆಯುತ್ತಾನಲ್ಲ ಅಂತ ನಗಬೇಡ. ಮೂವತ್ತೊಂದು ವರ್ಷ ಪವರ್‌ಲೂಮಿನ ಸಪ್ಪಳ ತಿಂದ ಕಿವಿ ಇವು. ಫೋನಿನಲ್ಲಿ ನಿನ್ನ ದನಿ ನನಗೆ ನೊಣ ಗುಂಯ್ ಅಂದ ಹಾಗೆ ಕೇಳುತ್ತದೆ. ವಾಟ್ಸಪ್ ಅಂದೆಯೋ, ಫೋನು ಇರುವುದು ನಿನ್ನ ಅವ್ವ ಶಂಕ್ರೆವ್ವನ ಕೈಯಲ್ಲಿ. ಮೊನ್ನೆ ನೀನು ಬರೆದ ನಾಲ್ಕು ಅಕ್ಷರವನ್ನು ಅವಳು ನೀರಿನ ಟಾಕಿಯ ಹತ್ತಿರ ನಿಂತು ಇಡೀ ಓಣಿಗೆ ಓದಿ ಹೇಳಿದಳು. ಮರುದಿನ ಹಾಲಿನ ವಿಠೋಬಾ ನನ್ನ ಮುಖದ ಮುಂದೆ ಬಾಯಿ ದೊಡ್ಡದು ಮಾಡಿ ಕೇಳಿದ: "ಮಗಳಿಗಿ ನೆಗಡಿ ಆಗೇತಂತಲ್ರಿ ದಶರಥಣ್ಣ, ಈಗ ಹೆಂಗೈತ್ರಿ?" ಅದಕ್ಕೇ ಈ ಕಾಗದ. ಇದು ನನ್ನ ನಿನ್ನ ನಡುವೆ ಇರಲಿ. ಕಾಗದ ಅಂದರೆ ಪುಸ್ತಕದ ಕನ್ನಡದಲ್ಲೇ ಬರೆಯಬೇಕು ಅಂತ ಏಳನೇ ಇಯತ್ತೆಯಲ್ಲಿ ಸಾವಿತ್ರೆವ್ವ ಟೀಚರು ಗೆಣ್ಣಿನ ಮೇಲೆ ಹೊಡೆದು ಕಲಿಸಿದ್ದಾರೆ. ಆದ್ದರಿಂದ ಭಾಷೆ ಬಿಗಿಯಾಗಿದ್ದರೆ ಅಪ್ಪನಿಗೆ ಸಿಟ್ಟು ಬಂದಿದೆ ಅಂತ ತಿಳಿಯಬೇಡ.

ನಿಮ್ಮ ಬೇಸ್‌ಬಾಲು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಕೇಳಿದವರಿಗೆಲ್ಲ "ನಮ್ಮ ಚಿನ್ನಿ ದಾಂಡಿನ ಅಮೆರಿಕದ ಬೀಗರು" ಅಂತ ಹೇಳುತ್ತೇನೆ. ನಿಮ್ಮ ಕಾಲೇಜಿನ ರಾಮಲಿಂಗಪ್ಪ ಸರ್ ಮೂರು ವರ್ಷದ ಹಿಂದೆ ಮನೆಗೆ ಬಂದು ಹೇಳಿದ್ದು ಮಾತ್ರ ನೆನಪಿದೆ: "ಕಬಡ್ಡಿಗಿ ಟೀಮ್ ಭಾಳ ಅದಾವ್ರಿ, ಇದಕ್ಕ ಕಡಿಮಿ. ಸರ್ಟಿಫಿಕೇಟ್ ಲಗೂನ ಸಿಗತಾವ." ಸರ್ಟಿಫಿಕೇಟಿಗೆ ಹೊರಟ ನೀನು, ಶೀತಲ್ ಇಬ್ಬರೂ ಭಾರತದ ತಂಡದ ಶಿಬಿರದ ತನಕ ಹೋಗಿಬಿಟ್ಟಿರಿ!

ಶೀತಲ್‌ಗೆ ಕೇಳಿದೆ ಅಂತ ಹೇಳು. ಸಾವಳಗಿಯಿಂದ ದಿನಾ ಬಸ್ಸಿನಲ್ಲಿ ಬರುವುದಾಗುವುದಿಲ್ಲ ಅಂತ ಎರಡು ವರ್ಷ ನಮ್ಮ ಮನೆಯಲ್ಲೇ ಉಂಡು ಓದಿದ ಹುಡುಗಿ. ಅವಳ ಪೆಟ್ಟಿಗೆ ಇನ್ನೂ ನಮ್ಮ ಅಟ್ಟದ ಮೇಲೆ ಇದೆ. ನೀವಿಬ್ಬರೂ ಮಗ್ಗಗಳ ನಡುವೆ ಚೆಂಡು ಒಗೆದಾಡಿ ಒಡೆದ ಟ್ಯೂಬ್‌ಲೈಟು ಎರಡು. ಅದನ್ನು ನಾನು ಮರೆತಿಲ್ಲ ಅಂತಲೂ ಹೇಳು.

ನಿನ್ನ ಅಪ್ಪ,
ದಶರಥ


ಪುಣೆ
17 ಆಗಸ್ಟ್ 2025

ಅಪ್ಪನಿಗೆ ಬನಶಂಕರಿಯ ನಮಸ್ಕಾರಗಳು.

ನಿಮ್ಮ ಕಾಗದವನ್ನು ಹಾಸ್ಟೆಲ್ಲಿನ ಕಾವಲುಗಾರರು ಇಬ್ಬರು ಸೇರಿ ತಂದುಕೊಟ್ಟರು. ಇನ್‌ಲ್ಯಾಂಡ್ ಪತ್ರ ನೋಡಿ ಯಾವುದೋ ಕೋರ್ಟಿನದು ಅಂತ ಹೆದರಿದ್ದರಂತೆ. ನಮಗೆ ಫೋನು ಸಿಗುವುದು ಭಾನುವಾರ ಅರ್ಧ ಗಂಟೆ ಮಾತ್ರ. ಆದ್ದರಿಂದ ನೀವು ಕಾಗದವನ್ನೇ ಬರೆಯಿರಿ. ನನ್ನ ನೆಗಡಿ ಹೋಗಿದೆ, ವಿಠೋಬಾ ಮಾಮಾಗೆ ತಿಳಿಸಿ.

ನಾವು ನಲವತ್ತು ಹುಡುಗಿಯರಿದ್ದೇವೆ. ಪಂಜಾಬು, ಹರಿಯಾಣ, ಕೇರಳ, ಎಲ್ಲ ಕಡೆಯವರು. ಕೋಚ್ ಸಚಿಕೊ ಮೇಡಂ, ಜಪಾನಿನವರು. ಅವರಿಗೆ ಇಂಗ್ಲಿಷು ನನ್ನಷ್ಟೇ ಬರುತ್ತದೆ, ಹಾಗಾಗಿ ನಮ್ಮಿಬ್ಬರದೂ ಚೆನ್ನಾಗಿ ಹೊಂದಿಕೊಂಡಿದೆ. ಅವರ ದೇಶದಲ್ಲಿ ಹೈಸ್ಕೂಲು ಹುಡುಗರ ಪಂದ್ಯಕ್ಕೇ ನಲವತ್ತು ಸಾವಿರ ಜನ ಸೇರುತ್ತಾರಂತೆ, ಅಪ್ಪ! ಊಟದ ಕೋಣೆಯ ಗೋಡೆಗೆ ದೊಡ್ಡ ಭೂಪಟ ಹಚ್ಚಿ, ಈ ಆಟ ಆಡುವ ದೇಶಕ್ಕೆಲ್ಲ ಕೆಂಪು ಗುಂಡುಪಿನ್ನು ಚುಚ್ಚಿದ್ದಾರೆ. ಜಪಾನು, ಕೊರಿಯಾ, ಕ್ಯೂಬಾ ಹಳೆಯ ಮನೆತನಗಳು. ಈಗ ಥೈಲ್ಯಾಂಡು, ಪಾಕಿಸ್ತಾನ, ಉಗಾಂಡಾ ಕೂಡ ಬಂದಿವೆ. ದುಬೈಯಲ್ಲಿ ಮರಳಿನ ನಡುವೆ ಮೈದಾನ ಕಟ್ಟಿದ್ದಾರೆ. 2028ರ ಒಲಿಂಪಿಕ್ಸಿಗೆ ಬೇಸ್‌ಬಾಲ್ ಮತ್ತೆ ಬರುತ್ತದೆ, ಆದರೆ ಗಂಡಸರಿಗೆ. ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ಅಂತೆ. ಇದನ್ನು ಕೇಳಿ ಶೀತಲ್ ಒಂದು ಹೊತ್ತು ಉಣ್ಣಲಿಲ್ಲ. ನಾನು ಮೇಡಂ ಹತ್ತಿರ ಒಂದು ಪಿನ್ನು ಕೇಳಿ ಪಡೆದು ಬನಹಟ್ಟಿ ಇರಬೇಕಾದ ಜಾಗಕ್ಕೆ ಚುಚ್ಚಿದೆ. ಅದು ಗೋವಾದ ಸಮುದ್ರದಲ್ಲಿ ಬಿದ್ದಿದೆ ಅಂತ ಎಲ್ಲರೂ ಆಡಿಕೊಳ್ಳುತ್ತಾರೆ.

ಈಗ ಮುಖ್ಯ ಸುದ್ದಿ. ಶೀತಲ್ ಪಿಚರ್, ಅಂದರೆ ಚೆಂಡು ಎಸೆಯುವವಳು. ನಾನು ಕ್ಯಾಚರ್, ಬ್ಯಾಟು ಹಿಡಿದವಳ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಅದನ್ನು ಹಿಡಿಯುವವಳು. ಯಾವ ಚೆಂಡು ಎಸೆಯಬೇಕು ಅಂತ ನಾನು ಬೆರಳಿನ ಸನ್ನೆಯಲ್ಲಿ ಹೇಳಬೇಕು. ಪ್ರತಿ ಜೋಡಿಯೂ ತನ್ನದೇ ಸನ್ನೆ ಮಾಡಿಕೊಳ್ಳಲಿ ಎಂದರು ಮೇಡಂ. ಉಳಿದವರು ವಾರಗಟ್ಟಲೆ ಬಾಯಿಪಾಠ ಮಾಡಿದರು. ನಾವು ಒಂದು ನಿಮಿಷದಲ್ಲಿ ಮುಗಿಸಿದೆವು! ಮಗ್ಗದ ಸಪ್ಪಳದಲ್ಲಿ ನೀವು, ಅವ್ವ, ನಾನು ಕೈಯಲ್ಲೇ ಮಾತಾಡುತ್ತೇವಲ್ಲ, ಅದೇ. ಎರಡು ಬೆರಳು ಅಂದರೆ ಲಾಳಿಯೊಳಗಿನ ಕಂಡಿಕೆಯ ನೂಲು ಮುಗಿಯಿತು, ಇಲ್ಲಿ ತಿರುವು ಚೆಂಡು. ಮುಷ್ಟಿ ತಿರುಗಿಸಿದರೆ ಮಗ್ಗ ಹಚ್ಚು, ಇಲ್ಲಿ ಜೋರು ಚೆಂಡು. ಅಂಗೈ ಬಿಡಿಸಿ ಎತ್ತಿದರೆ ಎಳೆ ಹರಿದಿದೆ, ನಿಲ್ಲಿಸು. ಇಲ್ಲಿಯೂ ಅದು ನಿಲ್ಲಿಸು ಅಂತಲೇ. ಎರಡು ವರ್ಷ ನಿಮ್ಮ ಕೈ ನೋಡಿ ಸ್ವಿಚ್ಚು ಒತ್ತಿದವಳಲ್ಲವೇ ಶೀತಲ್? ಅವಳಿಗೆ ಒಮ್ಮೆಯೂ ತಪ್ಪುವುದಿಲ್ಲ.

ಅಕ್ಟೋಬರ್ 12ಕ್ಕೆ ನಮ್ಮನ್ನೇ ಎರಡು ತಂಡ ಮಾಡಿ ಕೊಲ್ಲಾಪುರದಲ್ಲಿ ಆಡಿಸುತ್ತಾರೆ. ನಲವತ್ತರಲ್ಲಿ ಹದಿನೆಂಟು ಜನ ಉಳಿಯುತ್ತಾರೆ. ಅವರು ಫೆಬ್ರವರಿಯಲ್ಲಿ ಹೊರದೇಶಕ್ಕೆ ಆಡಲು ಹೋಗುತ್ತಾರೆ. ಇಲ್ಲಿ ಒಂದು ಕಟ್ಟುನಿಟ್ಟು ಇದೆ: ಆಟದಲ್ಲಿ ಯಾವ ಹುಡುಗಿಯ ಕಡೆಯವರಾದರೂ ಹೊರಗಿನಿಂದ ಸನ್ನೆ ಮಾಡಿದ್ದು ಕಂಡರೆ ಆ ಹುಡುಗಿಯನ್ನು ಅದೇ ದಿನ ಮನೆಗೆ ಕಳಿಸುತ್ತಾರೆ.

ಕೊಲ್ಲಾಪುರ ಹತ್ತಿರವಿದೆ ಅಂತ ನಿಮಗೆ ಮನಸ್ಸಾಗುತ್ತದೆ, ನನಗೆ ಗೊತ್ತು. ಬರಬೇಡಿ ಅಪ್ಪ. ನೀವು ಇದ್ದರೆ ನನ್ನ ಕಣ್ಣು ನಿಮ್ಮ ಕಡೆಗೇ ಹೋಗುತ್ತದೆ.

ನಿಮ್ಮ ಮಗಳು,
ಬನಶಂಕರಿ


ಬನಹಟ್ಟಿ
14 ಅಕ್ಟೋಬರ್ 2025

ಚಿ. ಬನಶಂಕರಿಗೆ ಆಶೀರ್ವಾದಗಳು.

ಬೈಯಬೇಡ. ನಾನು ಬಂದಿದ್ದೆ.

ಬರಬೇಡ ಅಂದ ಕಡೆಗೇ ಕಾಲು ಎಳೆಯುತ್ತದೆ. ಶಂಕ್ರೆವ್ವನಿಗೆ ನೂಲು ತರಲು ಇಚಲಕರಂಜಿಗೆ ಹೋಗುತ್ತೇನೆ ಅಂತ ಸುಳ್ಳು ಹೇಳಿ ಮುಂಜಾನೆ ಐದರ ಬಸ್ಸು ಹಿಡಿದೆ. ಬಿಳಿ ಟೋಪಿ ಹಾಕಿಕೊಂಡು ನಿನ್ನ ಬೆನ್ನ ಹಿಂದಿನ ತಂತಿ ಜಾಳಿಗೆಯ ಆಚೆ, ಮೊದಲನೇ ಸಾಲಿನಲ್ಲೇ ಕೂತಿದ್ದೆ. ನೀನು ತಿರುಗಿ ನೋಡಲಿಲ್ಲ.

ಎಂಥ ಆಟ ಆಡುತ್ತೀಯೇ ಮಗಳೇ! ಆ ಚೆಂಡು ಬರುವ ಸೊಗಸೇನು, ನೀನು ಕೂತಲ್ಲೇ ಕೂತು ಅದನ್ನು ಬಾಚುವ ಸೊಗಸೇನು. ನಮ್ಮ ಸನ್ನೆಗಳನ್ನು ನಿನ್ನ ಕೈಯಲ್ಲಿ ನೋಡಿ ನನಗೆ ಕಣ್ಣು ತುಂಬಿತು. ಪಕ್ಕದಲ್ಲಿದ್ದ ಮರಾಠಿ ಮನುಷ್ಯನಿಗೆ ಎದೆ ತಟ್ಟಿಕೊಂಡು ತೋರಿಸಿದೆ, ನನ್ನ ಮಗಳು ಅಂತ.

ಕೊನೆಯಲ್ಲಿ ಮಾತ್ರ ಏನಾಯಿತೋ ತಿಳಿಯಲಿಲ್ಲ. ಮೂರನೇ ಬೇಸಿನ ಮೇಲೆ ಎದುರಿನ ತಂಡದ ಹುಡುಗಿ ನಿಂತಿದ್ದಳು, ಎರಡೂ ಕಡೆ ಸಮ ಇತ್ತು, ಅವಳು ನಿನ್ನ ತನಕ ಓಡಿ ಬಂದರೆ ಅವರೇ ಗೆದ್ದಂತೆ. ಆಗ ನಿನ್ನ ಎಡಗಾಲಿನ ಕವಚದ ಪಟ್ಟಿ ಬಿಚ್ಚಿ ನೆಲದ ಮೇಲೆ ಎಳೆದಾಡುವುದು ಕಂಡಿತು. ಎಡವಿ ಬೀಳುತ್ತಾಳೆ ಅಂತ ಜೀವ ಹಾರಿತು. ಕೂಗಿದರೆ ಯಾರಿಗೆ ಕೇಳಬೇಕು ಆ ಗದ್ದಲದಲ್ಲಿ? ಕೈ ಎತ್ತಿದೆ. ನೀನಂತೂ ನೋಡಲಿಲ್ಲ. ಅಷ್ಟರಲ್ಲಿ ಶೀತಲ್ ಎಸೆಯಲು ಹೊರಟವಳು ನಡುವೆ ಗಕ್ಕನೆ ನಿಂತುಬಿಟ್ಟಳು. ಅಂಪೈರು ಏನೋ ಕೂಗಿದ, ಆ ಹುಡುಗಿ ಓಡಬೇಕಾಗಿಯೂ ಬರಲಿಲ್ಲ, ನಡೆದುಕೊಂಡು ಬಂದು ಗೆದ್ದಳು. ಶೀತಲ್‌ಗೆ ಕೈ ನೋವಾಯಿತೇ? ನನಗೆ ಬಿಡಿಸಿ ಬರೆ.

ಆಟ ಮುಗಿದ ಮೇಲೆ ನೀನು ನನ್ನನ್ನು ನೋಡಿದೆ. ಖಂಡಿತ ನೋಡಿದೆ. ಆಮೇಲೆ ಮುಖ ತಿರುಗಿಸಿ ಆ ಕಡೆ ಓಡಿದೆ. ನಾನು ಬಸ್ಸಿನ ಹೊತ್ತಿನ ತನಕ ಗೇಟಿನಲ್ಲಿ ನಿಂತಿದ್ದೆ. ಅಂಗಿಯ ಮೇಲೆ ಅರಳೆ ಹತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಝಾಡಿಸಿಕೊಂಡು ಬರಬೇಕಾಗಿತ್ತು.

ದೀಪಾವಳಿಗೆ ಬಾ. ನಿನ್ನ ಅವ್ವ ಚಕ್ಕುಲಿಗೆ ಹಿಟ್ಟು ಹಾಕಿಸಿದ್ದಾಳೆ.

ನಿನ್ನ ಅಪ್ಪ,
ದಶರಥ


ಬನಹಟ್ಟಿ
9 ನವೆಂಬರ್ 2025

ಚಿ. ಬನಶಂಕರಿಗೆ,

ದೀಪಾವಳಿ ಆಯಿತು. ನೀನು ಬರಲಿಲ್ಲ. ಭಾನುವಾರ ಅವ್ವನಿಗೆ ಫೋನು ಮಾಡುತ್ತೀ. "ಆರಾಮ ಅದೀನಿ ಅಂತಾಳ" ಅಂತ ಅವಳು ಕೈಯಲ್ಲಿ ನನಗೆ ಹೇಳುತ್ತಾಳೆ. ಅಷ್ಟೇ. ಅಪ್ಪನ ಕಾಗದಕ್ಕೆ ಉತ್ತರವಿಲ್ಲ.

ಊರೂರಿನ ಹುಡುಗಿಯರ ನಡುವೆ, ಜಪಾನಿನ ಮೇಡಂ ಎದುರಿಗೆ, ಅರಳೆ ಮೆತ್ತಿದ ಕಿವುಡ ಅಪ್ಪ ಬಂದು ಕೂತರೆ ನಾಚಿಕೆಯಾಗುವುದು ಸಹಜ. ನಾನು ನಿನ್ನ ವಯಸ್ಸಿನಲ್ಲಿ ನನ್ನ ಅಪ್ಪನಿಗೆ ನಾಚಿದ್ದೇನೆ. ಆದರೆ ಬಾಯಿಬಿಟ್ಟು ಹೇಳು. ಇನ್ನೊಮ್ಮೆ ಬರುವುದಿಲ್ಲ, ಮುಗಿಯಿತು.

ದಶರಥ


ಪುಣೆ
20 ನವೆಂಬರ್ 2025

ಅಪ್ಪನಿಗೆ ನಮಸ್ಕಾರಗಳು.

ನನಗೆ ನಾಚಿಕೆಯಾಗಿಲ್ಲ. ಹಾಗೆ ಎಂದೂ ಬರೆಯಬೇಡಿ.

ಹದಿನೆಂಟರಲ್ಲಿ ನನ್ನ ಹೆಸರು ಇದೆ. ಶೀತಲ್ ಹೆಸರು ಇಲ್ಲ. ಊರಿಗೆ ಹೋದಳು. ಅಭ್ಯಾಸ ಬಹಳ ಇದೆ, ಹೊತ್ತು ಸಿಗುವುದಿಲ್ಲ. ಅವಳ ಪೆಟ್ಟಿಗೆ ಒಯ್ಯಲು ಬಂದರೆ ಊಟ ಹಾಕಿಯೇ ಕಳಿಸಿ.

ಬನಶಂಕರಿ


ಬನಹಟ್ಟಿ
4 ಡಿಸೆಂಬರ್ 2025

ಬನಶಂಕರಿಗೆ,

ಇವತ್ತು ಪುಸ್ತಕದ ಕನ್ನಡ ನೆಟ್ಟಗೆ ಬರಲಿಕ್ಕಿಲ್ಲ. ಸಾವಿತ್ರೆವ್ವ ಟೀಚರು ಕ್ಷಮಿಸಲಿ.

ನಿನ್ನೆ ಶೀತಲ್ ಬಂದಿದ್ದಳು. ಉಂಡಳು, ಅಟ್ಟದಿಂದ ಪೆಟ್ಟಿಗೆ ಇಳಿಸಿಕೊಂಡು, ಹೇಳಿಹೋಗಲು ಮಗ್ಗದ ಕೋಣೆಗೆ ಬಂದಳು. ಅದೇ ಹೊತ್ತಿಗೆ ಮೂರನೇ ಮಗ್ಗದಲ್ಲಿ ಎಳೆ ಹರಿಯಿತು. ಸ್ವಿಚ್ಚಿನ ಹತ್ತಿರ ನಿನ್ನ ಅವ್ವ ಇದ್ದಳು. ಅವಳಿಗೆ ನಾನು ಕೈ ಎತ್ತಿದೆ. ಬಾಗಿಲಲ್ಲಿ ಶೀತಲ್ ಕೈಯಿಂದ ಪೆಟ್ಟಿಗೆ ದೊಪ್ಪನೆ ಬಿತ್ತು. ಆ ಹುಡುಗಿ ನಿಂತ ರೀತಿ ನೋಡಿದೆ. ಒಂದು ಕಾಲು ಮುಂದೆ, ಕೈ ಎದೆಯ ಹತ್ತಿರ, ಮುಖ ಕಪ್ಪಿಟ್ಟಿತ್ತು. ಕೊಲ್ಲಾಪುರದಲ್ಲಿ ನಿಂತ ಹಾಗೇ.

ನಾಲ್ಕೂ ಮಗ್ಗ ನಿಲ್ಲಿಸಿದೆ. ಅವಳ ಮುಂದೆ ಕೂತು ಕೇಳಿದೆ: "ಅವತ್ತ ನನ್ನ ಕೈ ನೋಡಿ ನಿಂತೇನವಾ?"

ಮೊದಲು ಇಲ್ಲ ಇಲ್ಲ ಅಂದಳು. ನಾನು ತುಟಿ ಓದುವವನು, ಸುಳ್ಳಿಗೆ ತುಟಿ ಬೇರೆಯೇ ಥರ ಅಲುಗುತ್ತದೆ. ಆಮೇಲೆ ಹೇಳಿದಳು: "ಬನಿ ಭುಜದ ಮ್ಯಾಲೆ ನಿಮ್ಮ ಕೈ ಕಾಣಸ್ತರಿ. ಎಳಿ ಹರೀತು ಅಂತ ನಿಂತ ಬಿಟ್ಟೆ. ಅದು ನನ್ನ ಕೈಯಾಗ ಇರಲಿಲ್ಲರಿ." ಎಸೆಯಲು ಹೊರಟ ಮೇಲೆ ನಿಲ್ಲಬಾರದಂತೆ. ನಿಂತರೆ ಅದಕ್ಕೆ ಬಾಲ್ಕ್ ಅನ್ನುತ್ತಾರಂತೆ, ಎದುರಿನವರಿಗೆ ಒಂದು ಬೇಸು ಪುಕ್ಕಟೆಯಂತೆ. ಮೇಡಂ ಕೇಳಿದಾಗ ಅವಳು "ಅಂಜಿದೆ" ಅಂತ ಒಪ್ಪಿಕೊಂಡು ಬಂದಳಂತೆ. ನಿಜ ಹೇಳಿದರೆ, ಹೊರಗಿನವನ ಸನ್ನೆ ಅಂತ ನಿನ್ನನ್ನು ಕಳಿಸಿಬಿಡುತ್ತಾರೆ ಅಂತ!

ನಾನು ತಪ್ಪು ಮಾಡಿದೆ. ಬರಬೇಡ ಅಂದರೂ ಬಂದೆ, ಸುಮ್ಮನೆ ಕೂರದೆ ಕೈ ಎತ್ತಿದೆ. ಆ ಹುಡುಗಿಯ ಅನ್ನವನ್ನು ಈ ಕೈ ಕಸಿದಿದೆ.

ಆದರೆ ನನ್ನದು ಗೊತ್ತಿಲ್ಲದೆ ಆದದ್ದು. ನಿನಗೆ ಗೊತ್ತಿತ್ತು, ಅವಳು ಅವತ್ತೇ ಹೇಳಿದ್ದಳಂತೆ. ನಮ್ಮ ಮನೆಯಲ್ಲಿ ಉಂಡ ಹುಡುಗಿ ನಿನ್ನ ಹೆಸರು ಉಳಿಸಲು ತನ್ನ ಹೆಸರು ಕೆಡಿಸಿಕೊಂಡಳು, ನೀನು ಐವತ್ತು ದಿನ ಅದನ್ನು ನೋಡುತ್ತ ಇದ್ದೆ. ಇದೇನಬೇ ಬನವ್ವಾ? ಮಗ್ಗದವರ ಮನೆಯಲ್ಲಿ ಹುಟ್ಟಿ, ಹರಿದ ಎಳೆಯನ್ನು ಹಾಗೇ ಬಿಟ್ಟು ಮುಂದೆ ನೇಯುತ್ತಾರೇನು?

ನೀನು ಮೇಡಂಗೆ ಹೇಳುತ್ತೀಯೋ, ನಾನೇ ಬಂದು ಹೇಳಲೋ?

ದಶರಥ


ಪುಣೆ
16 ಡಿಸೆಂಬರ್ 2025

ಅಪ್ಪನಿಗೆ,

ನಿಮ್ಮ ಕಾಗದ ಬಂದ ದಿನ ಓದಿ, ಹಾಸಿಗೆಯ ಕೆಳಗಿಟ್ಟೆ. ಎರಡನೇ ದಿನವೂ ಅಲ್ಲೇ ಇಟ್ಟೆ. ಮೂರನೇ ದಿನ ಮೇಡಂ ಕೋಣೆಗೆ ಹೋದೆ.

ನಿಮಗೆ ನೋವಾಗುತ್ತದೆ ಅಂತ ಸುಮ್ಮನಿದ್ದೆ ಅಂತ ಬರೆಯಬೇಕು ಅಂದುಕೊಂಡಿದ್ದೆ. ಅದು ಅರ್ಧ ಖರೆ. ಇನ್ನರ್ಧ ನನ್ನ ಸಲುವಾಗಿ. ಪಟ್ಟಿಯಲ್ಲಿ ನನ್ನ ಹೆಸರು ಕಂಡಾಗ ಕುಣಿಯಬೇಕು ಅನ್ನಿಸಿತ್ತು, ಅಪ್ಪ. ಶೀತಲ್ ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಮೇಡಂಗೆ ಹೇಳಿಬಿಡಲೇ ಅಂತ ಕೇಳಿದೆ. "ಹೇಳಬ್ಯಾಡ ಹೋಗಬೇ, ಒಬ್ಬಾಕಿಯರ ಹೋಗಲಿ" ಅಂದಳು. ನಾನು ಎರಡನೇ ಸಲ ಕೇಳಲಿಲ್ಲ. ಎರಡನೇ ಸಲ ಕೇಳಿದರೆ ಒಪ್ಪಿಬಿಟ್ಟಾಳು ಅಂತ ಹೆದರಿದೆ. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಮೇಡಂ ಎಲ್ಲ ಕೇಳಿದರು. ನಮ್ಮ ಸನ್ನೆಗಳನ್ನು ಒಂದೊಂದಾಗಿ ಮಾಡಿಸಿ ನೋಡಿದರು. ಅವರ ಹತ್ತಿರವೇ ಇದ್ದ ನನ್ನ ಫೋನಿನಲ್ಲಿ ನಾಲ್ಕು ಮಗ್ಗದ ಸಪ್ಪಳದ ಒಂದು ವಿಡಿಯೊ ಇತ್ತು, ಅದನ್ನು ದೊಡ್ಡ ದನಿಯಲ್ಲಿ ಹಾಕಿ ಕೇಳಿಸಿದೆ. ಅವರು ಕಿವಿ ಮುಚ್ಚಿಕೊಂಡರು, ಆಮೇಲೆ ನಿಮ್ಮ ವಯಸ್ಸು ಕೇಳಿದರು. ನಾನು ಪೆಟ್ಟಿಗೆ ಕಟ್ಟಿ ಇಟ್ಟಿದ್ದೇನೆ ಅಂದೆ. ಅದಕ್ಕೆ ಅವರು, "ಅದು ಕಳ್ಳ ಸನ್ನೆಯಲ್ಲ, ಆದರೆ ನೀನು ಮುಚ್ಚಿಟ್ಟದ್ದು ತಪ್ಪು" ಅಂದರು. ಒಂದು ತಿಂಗಳು ನನಗೆ ಆಟವಿಲ್ಲ. ಚೆಂಡು ಒರೆಸುವುದು, ನೀರು ತುಂಬುವುದು. ಮಾಡುತ್ತಿದ್ದೇನೆ.

ಒಬ್ಬ ಪಿಚರ್ ಹುಡುಗಿಗೆ ಮೊಣಕೈ ನೋವಾಗಿ ಜಾಗ ಒಂದು ಖಾಲಿ ಇದೆ. ಜನವರಿ 18ಕ್ಕೆ ಶೀತಲ್ ಬಂದು ಎಸೆಯಬೇಕು. ಆದರೆ ಮೇಡಂ ಷರತ್ತು ಕಠಿಣ: ಅಂಥದ್ದೇ ಕೈ ಕಣ್ಣೆದುರಿಗೆ ಇರುವಾಗ ನಿಲ್ಲದೆ ಎಸೆಯಬೇಕು. "ನಿಮ್ಮ ತಂದೆ ಬರಲಿ" ಅಂದರು.

ಅವಳಿಗೆ ಪತ್ರ ಬರೆದಿದ್ದೇನೆ. ಉತ್ತರ ಬಂದಿಲ್ಲ. ಸಾವಳಗಿಯಲ್ಲಿ ಅವಳ ಚೆಂಡು ಹಿಡಿಯುವವರು ಯಾರೂ ಇಲ್ಲ, ಅಪ್ಪ.

ಬನಶಂಕರಿ


ಸಾವಳಗಿ
5 ಜನವರಿ 2026

ಬನಿ,

ಸಿಟ್ಟು ಇನ್ನೂ ಹೋಗಿಲ್ಲ. ಮೊದಲು ಅದನ್ನು ಬರೆದುಬಿಡುತ್ತೇನೆ. ಹೇಳಬೇಡ ಅಂದವಳು ನಾನೇ, ಖರೆ. ಆದರೂ ನೀನು ಹೇಳುತ್ತೀ ಅಂತ ಬಸ್ಸು ಬಿಡುವ ತನಕ ಕಿಟಕಿಯಲ್ಲಿ ನೋಡುತ್ತಿದ್ದೆ. ಭಾನುವಾರ ಫೋನಿನಲ್ಲಿ ಬೈದರೆ ಅಳುತ್ತೀ, ನಾನೂ ಅಳುತ್ತೇನೆ. ಅದಕ್ಕೇ ಕಾಗದ.

ಈಗ ಕೇಳು. ಹದಿನೈದು ದಿನದ ಹಿಂದೆ ನಿನ್ನಪ್ಪ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಸೀರೆ ಅಂಗಡಿಯ ಚೀಲ. ಅದರಲ್ಲಿ ನಿನ್ನ ಹಳೆಯ ಗ್ಲೌಸು, ಮತ್ತೆ ನಿನ್ನವ್ವನ ತಲೆದಿಂಬು! ತಲೆದಿಂಬನ್ನು ಎದೆಗೆ ಹಗ್ಗದಿಂದ ಬಿಗಿದುಕೊಂಡು, ಕಣದಲ್ಲಿ ಕುಕ್ಕರುಗಾಲಿನಲ್ಲಿ ಕೂತು "ಒಗಿ" ಅಂದರು. ನಮ್ಮಜ್ಜಿ ಭಾಗವ್ವ ಓಡಿಬಂದು, "ಯಾರಬೇ ಈ ಹಿರ್ಯಾ, ಎದಿಗಿ ತಲಿದಿಂಬ ಕಟಗೊಂಡು ಕುಂತಾನಲ್ಲ!" ಅಂತ ಒಂದೇ ಸವನೆ. ನಿನ್ನಪ್ಪನಿಗೆ ಕೇಳಿಸದಿದ್ದದ್ದು ಪುಣ್ಯ.

ವಾರಕ್ಕೆ ಮೂರು ದಿನ ಮಗ್ಗ ನಿಲ್ಲಿಸಿ ಬರುತ್ತಾರೆ. ಜಮಖಂಡಿಯಲ್ಲಿ ಬಸ್ಸು ಬದಲಿಸಿ, ಮುಂಜಾನೆ ಎಂಟಕ್ಕೆ ಹಾಜರು. ನಾನು ಎಸೆಯಲು ಕಾಲೆತ್ತಿದ ಕೂಡಲೇ ಅಂಗೈ ಎತ್ತುತ್ತಾರೆ. ನಾನು ನಿಂತುಬಿಡುತ್ತೇನೆ. "ಯಾಕ ನಿಂತಿ? ಒಗೀಬೇ! ಕೈಗಿ ಬೆಂಕಿ ಹಚ್ಚು, ಗ್ಲೌಸ ನೋಡು!" ಅಂತ ಒದರುತ್ತಾರೆ. ಮತ್ತೆ ಎತ್ತುತ್ತಾರೆ, ಮತ್ತೆ ನಿಲ್ಲುತ್ತೇನೆ. ಮೊದಲ ವಾರ ಒಂದು ಸಲವೂ ಆಗಲಿಲ್ಲ. ಒಂದು ದಿನ ಚೆಂಡು ಅವರ ಗದ್ದಕ್ಕೆ ಬಡಿದು ರಕ್ತ ಬಂತು. ಒರೆಸಿಕೊಂಡು, "ಇದು ಛಲೋ ಆತು, ಇದಕ್ಕ ನೀ ನಿಲ್ಲಲಿಲ್ಲ ನೋಡು" ಅಂದರು. ನಾನು ಅಲ್ಲೇ ಕೂತು ಅತ್ತೆ.

ಈಗ ಹತ್ತರಲ್ಲಿ ಒಂಬತ್ತು ಸಲ ಎಸೆಯುತ್ತೇನೆ. ಆ ಒಂದು ಮಾತ್ರ ಹೋಗವಲ್ಲದು. ಬೇರೆ ಯಾರ ಕೈ ಎತ್ತಿದರೂ ನನಗೆ ಏನೂ ಆಗುವುದಿಲ್ಲ. ಅವರದೇ ಕೈ ಬೇಕು ನಿಲ್ಲಲಿಕ್ಕೆ.

ಹದಿನೆಂಟಕ್ಕೆ ಬರುತ್ತೇನೆ. ನೀನೇ ಹಿಡಿಯಬೇಕು.

ಶೀತಲ್


ಪುಣೆ
21 ಜನವರಿ 2026

ಅಪ್ಪನಿಗೆ ನಮಸ್ಕಾರಗಳು.

ಅವತ್ತು ನಿಮ್ಮ ಜೊತೆ ಎರಡು ನಿಮಿಷವೂ ಸಿಗಲಿಲ್ಲ. ಮೇಡಂ ನಮ್ಮನ್ನು ಒಳಗೆ ಕರೆದುಕೊಂಡು ಹೋದರು, ಹೊರಗೆ ಬರುವಷ್ಟರಲ್ಲಿ ನೀವು ಬಸ್ಸಿಗೆ ಹೋಗಿದ್ದಿರಿ. ಶೀತಲ್ ಹೆಸರು ಹದಿನೆಂಟನೆಯದಾಗಿ ಬರೆದಿದ್ದಾರೆ ಅಂತ ಅವ್ವ ನಿಮಗೆ ಹೇಳಿರಬೇಕು. ಓಣಿಗೂ ಹೇಳಿರಬೇಕು.

ಆದರೆ ಅಪ್ಪ, ನನಗೆ ಒಂದು ನೋವಿದೆ. ಮೇಡಂ ಹೇಳಿದಂತೆ ನೀವು ನನ್ನ ಹಿಂದೆ ಜಾಳಿಗೆಯ ಆಚೆ ನಿಂತು ಕೈ ಎತ್ತಿದಿರಿ, ಸರಿ. ಬೆನ್ನು ಯಾಕೆ ತಿರುಗಿಸಿದಿರಿ? ನಾನು ಒಮ್ಮೆ ತಿರುಗಿ ನೋಡಿದೆ. ಬಿಳಿ ಟೋಪಿ, ಎತ್ತಿದ ಕೈ, ಮುಖ ಮಾತ್ರ ಹೊರಗಿನ ದಾರಿಯ ಕಡೆಗೆ. ಇನ್ನೂ ನನ್ನ ಮೇಲೆ ಅಷ್ಟು ಸಿಟ್ಟೇ? ಅಷ್ಟು ದೂರ ಬಂದು, ಗದ್ದ ಒಡೆದುಕೊಂಡು ಕಲಿಸಿ, ಆ ಎಸೆತವನ್ನೇ ನೀವು ನೋಡಲಿಲ್ಲ.

ಹೋಗಲಿ, ನಾನೇ ಹೇಳುತ್ತೇನೆ. ಒಂಬತ್ತು ಚೆಂಡು ಸಲೀಸಾಗಿ ಬಂದವು. ಹತ್ತನೆಯದಕ್ಕೆ ನಾನು ಮುಷ್ಟಿ ತಿರುಗಿಸಿದೆ, ಹಚ್ಚು ಅಂತ. ಅವಳು ಕಾಲೆತ್ತಿದಳು. ಆಗ ಅವಳ ಕಣ್ಣು ನನ್ನನ್ನು ಬಿಟ್ಟು ಮೇಲೆ, ನಿಮ್ಮ ಕೈಗೆ ಹೋದದ್ದು ನನಗೆ ಕಂಡಿತು. ಮುಗಿಯಿತು ಅಂದುಕೊಂಡೆ. ನನ್ನ ಬಾಯಿಂದ "ಶೀತೂ" ಅಂತ ಬಂತು, ಅಷ್ಟೇ. ಅವಳು ನಿಮ್ಮ ಕೈಯನ್ನು ನೋಡುತ್ತಲೇ ಎಸೆದಳು. ಚೆಂಡು ಗ್ಲೌಸಿಗೆ ಬಂದು ಬಡಿದ ಏಟಿಗೆ ನನ್ನ ಅಂಗೈ ಇನ್ನೂ ಕೆಂಪಗಿದೆ. ನಾನು ಎದ್ದು ಓಡಿದೆ. ಅವಳು ಮೊದಲು ನನ್ನ ಬೆನ್ನಿಗೆ ಎರಡು ಗುದ್ದಿದಳು, ಆಮೇಲೆ ಅಪ್ಪಿಕೊಂಡಳು.

ಸಿಟ್ಟು ಇದ್ದರೆ ಬೈದು ಬರೆಯಿರಿ. ಸುಮ್ಮನೆ ಇರಬೇಡಿ.

ನಿಮ್ಮ ಮಗಳು,
ಬನಶಂಕರಿ


ಬನಹಟ್ಟಿ
29 ಜನವರಿ 2026

ಚಿ. ಬನವ್ವನಿಗೆ ಅಪ್ಪನ ಆಶೀರ್ವಾದಗಳು.

ಸಿಟ್ಟು ಇಲ್ಲ. ನೀನು ಮೇಡಂ ಕೋಣೆಗೆ ಹೋದ ದಿನವೇ ಅದು ಇಳಿಯಿತು. ನಾಲ್ಕನೇ ಮಗ್ಗ ಕೂಡ ಈಗ ರಾಜಿಯಾಗಿ ನಡೆಯುತ್ತಿದೆ.

ಬೆನ್ನು ತಿರುಗಿಸಿದ್ದು ಅಂಜಿಕೆಯಿಂದ. ಹತ್ತರಲ್ಲಿ ಒಂದು ಉಳಿದಿತ್ತಲ್ಲ, ಅದು ನನಗೂ ಗೊತ್ತಿತ್ತು. ಮೇಡಂ ಕೈ ಎತ್ತಿ ಅಂದರು, ಎತ್ತಿದೆ. ಎತ್ತದೆ ಬಿಟ್ಟಿದ್ದರೆ ಅದು ಮೋಸವಾಗುತ್ತಿತ್ತು. ಆದರೆ ಅವಳು ಮತ್ತೆ ಹಾಗೇ ನಡುವೆ ನಿಂತರೆ ಆ ಮುಖವನ್ನು ಎರಡನೇ ಸಲ ನೋಡುವ ಎದೆ ನನಗಿಲ್ಲ. ಅದಕ್ಕೇ ತಿರುಗಿದೆ.

ನೋಡಲಿಲ್ಲ ಅಂತ ಮಾತ್ರ ಅನ್ನಬೇಡ. ಜಾಳಿಗೆಯ ಹೊರಗೆ ದಾರಿಯಲ್ಲಿ ಒಬ್ಬ ಶೇಂಗಾ ಮಾರುವವ ಗಾಡಿ ನಿಲ್ಲಿಸಿಕೊಂಡಿದ್ದ. ಅವನ ಮುಖ ಮೈದಾನದ ಕಡೆ, ನನ್ನ ಮುಖ ಅವನ ಕಡೆ. ಕಿವಿ ಹೋದ ಮೇಲೆ ನಾನು ಊರನ್ನೆಲ್ಲ ಮುಖದಲ್ಲೇ ಓದಿಕೊಂಡು ಬಂದವನು. ನಿಮ್ಮ ಆಟವನ್ನು ಅವನ ಮುಖದಲ್ಲಿ ನೋಡಿದೆ. ಒಂಬತ್ತು ಸಲ ಅವನು ಶೇಂಗಾ ಹುರಿಯುತ್ತ ಸುಮ್ಮನೆ ಕಣ್ಣೆತ್ತಿದ. ಹತ್ತನೆಯ ಸಲ ಅವನ ಸೌಟು ಬಾಣಲೆಯ ಮೇಲೆ ಹಾಗೇ ನಿಂತಿತು. ನನ್ನ ಜೀವವೂ ನಿಂತಿತು. ನಿಂತಳು, ಮತ್ತೆ ನಿಂತಳು ಅಂದುಕೊಂಡೆ. ಕೈ ಇಳಿಸಿಬಿಡಬೇಕು ಅನ್ನಿಸಿತು. ಇಳಿಸಲಿಲ್ಲ.

ಅಷ್ಟರಲ್ಲಿ ಅವನು ಸೌಟು ಬಿಟ್ಟು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದ. ಬೇಸ್‌ಬಾಲು ಅಂದರೆ ಏನು ಅಂತ ಅವನಿಗೂ ನನ್ನಷ್ಟೇ ಗೊತ್ತಿರಬೇಕು. ಬಾಣಲೆಯಲ್ಲಿ ಶೇಂಗಾ ಹೊತ್ತಿ ಹೊಗೆ ಬಂತು, ಅವನು ನೋಡಲೂ ಇಲ್ಲ.

ಆಮೇಲೆ ನಾನು ಕೈ ಇಳಿಸಿದೆ.

ನಿನ್ನ ಅಪ್ಪ,
ದಶರಥ